ಒಂದೊಂದೇ ಶೀರ್ಷಿಕೆ ದಪ್ಪ ಮಾಡುವ ಬದಲು: ವರ್ಡ್‌ನಲ್ಲಿ ಕನ್ನಡ ಕಡತವನ್ನು ಬೇಗ ಅಣಿಗೊಳಿಸುವ ಬಗೆ

ಎರಡು ವರ್ಷಗಳ ಹಿಂದೆ ಶಾಲೆಯೊಂದರ ಸ್ಮರಣ ಸಂಚಿಕೆಯ ಸಂಪಾದನೆ ನನ್ನ ಪಾಲಿಗೆ ಬಂದಿತ್ತು. ಮೂವತ್ತೆಂಟು ಲೇಖನಗಳನ್ನು ಒಂದೇ ಕಡತಕ್ಕೆ ಸೇರಿಸಿ, ಪ್ರತಿ ಶೀರ್ಷಿಕೆಯನ್ನೂ ಮೌಸ್‌ನಿಂದ ಆಯ್ದು ದಪ್ಪ ಮಾಡಿ, 20 ಪಾಯಿಂಟ್‌ಗೆ ಹಿಗ್ಗಿಸಿ, ನಡುವಿಗೆ ತರುವಷ್ಟರಲ್ಲಿ ಒಂದು ಭಾನುವಾರ ಮುಗಿಯಿತು. ಮರುದಿನ ಸಮಿತಿಯ ಹಿರಿಯರೊಬ್ಬರು ಕರಡು ಪ್ರತಿಯನ್ನು ತಿರುವಿ ಹಾಕಿ, ‘ಶೀರ್ಷಿಕೆ ಒಂಚೂರು ಚಿಕ್ಕದಿದ್ದರೆ ಚೆನ್ನಾಗಿತ್ತು’ ಎಂದರು. ಮತ್ತೆ ಮೂವತ್ತೆಂಟು ಸಲ ಅದೇ ಕೆಲಸ. ತಪ್ಪು ತಂತ್ರಾಂಶದ್ದಲ್ಲ; ಫಾಂಟ್, ಗಾತ್ರ, ಅಂತರಗಳನ್ನು ಒಂದೇ ಹೆಸರಿನಡಿ ಕಟ್ಟಿಡುವ ‘ಸ್ಟೈಲ್ಸ್’ ಎಂಬ ಸೌಲಭ್ಯ ಪರದೆಯ ಮೇಲುಭಾಗದಲ್ಲಿ ಸದಾ ಕಾಣುತ್ತಿದ್ದರೂ ಅದು ಬರಿಯ ಅಲಂಕಾರಕ್ಕೆ ಇರುವುದೆಂದು ನಾನು ಅದರ ಗೊಡವೆಗೇ ಹೋಗಿರಲಿಲ್ಲ.

ಮೈಕ್ರೋಸಾಫ್ಟ್ ವರ್ಡ್ ಬಳಸುವವರನ್ನು ಗಮನದಲ್ಲಿಟ್ಟುಕೊಂಡು ಇಲ್ಲಿನ ಹಂತಗಳನ್ನು ವಿವರಿಸಿದೆ. ಲಿಬ್ರೆಆಫೀಸ್ ಮತ್ತು ಗೂಗಲ್ ಡಾಕ್ಸ್‌ನಲ್ಲೂ ಸ್ಟೈಲ್‌ಗಳು ಇದ್ದೇ ಇವೆ. ಒತ್ತಬೇಕಾದ ಕೀಲಿಗಳು ಮಾತ್ರ ಕೆಲವೆಡೆ ಬೇರೆ.

ಮೊದಲು ಪಠ್ಯ ಯುನಿಕೋಡ್‌ನಲ್ಲಿದೆಯೇ ನೋಡಿ

ಯುನಿಕೋಡ್ ಎಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ. ನಾಲ್ಕಾರು ಜನರಿಂದ ಬಂದ ಕನ್ನಡ ಲೇಖನಗಳಲ್ಲಿ ಕೆಲವಾದರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇರುವುದು ಸಾಮಾನ್ಯ. ಅಂಥ ಕಡತದಲ್ಲಿ ಕಂಪ್ಯೂಟರಿನ ಪಾಲಿಗೆ ಇರುವುದು ರೋಮನ್ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಆ ಫಾಂಟ್ ಮಾತ್ರ. ಒಂದು ಪ್ಯಾರಾವನ್ನು ಆಯ್ದು ಫಾಂಟನ್ನು ‘ನಿರ್ಮಲಾ ಯುಐ’ಗೆ ಬದಲಿಸಿ ನೋಡಿ. ಅಕ್ಷರಗಳು ಕನ್ನಡದಲ್ಲೇ ಉಳಿದರೆ ಅದು ಯುನಿಕೋಡ್. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾದರೆ ಹಳೆಯ ಸಂಕೇತ. ಕಂಟ್ರೋಲ್ ಮತ್ತು ಜಡ್ ಒತ್ತಿ ಹಿಂದಿನ ಸ್ಥಿತಿಗೆ ಬಂದು, ಆ ಲೇಖನವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಿದ ನಂತರವೇ ಮುಂದುವರಿಯಿರಿ. ಈ ಹಂತವನ್ನು ಹಾರಿಸಿದವರು ಮುಂದಿನ ಹಂತದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಹಳೆಯ ಅಂದವನ್ನು ಅಳಿಸಿ

ಕಡತದ ಒಂದು ನಕಲನ್ನು ಬೇರೆಡೆ ಉಳಿಸಿಟ್ಟುಕೊಳ್ಳಿ. ಆಮೇಲೆ ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲವನ್ನೂ ಆಯ್ದು, ಕಂಟ್ರೋಲ್ ಮತ್ತು ಸ್ಪೇಸ್‌ಬಾರ್ ಒತ್ತಿದರೆ ಅಕ್ಷರಗಳಿಗೆ ಕೈಯಿಂದ ಕೊಟ್ಟಿದ್ದ ಗಾತ್ರ, ಬಣ್ಣ, ಫಾಂಟ್ ಹೋಗುತ್ತವೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಪ್ಯಾರಾಗಳಿಗೆ ಕೊಟ್ಟಿದ್ದ ಅಂತರ, ಅಂಚುಗಳು ಹೋಗುತ್ತವೆ. ಲೇಖಕರು ಬೇಕೆಂದೇ ಓರೆಯಾಗಿಸಿದ ಪುಸ್ತಕಗಳ ಹೆಸರುಗಳೂ ಈ ಗುಡಿಸುವಿಕೆಯಲ್ಲಿ ನೆಟ್ಟಗಾಗುತ್ತವೆ. ಅಂಥವು ಹೆಚ್ಚಿದ್ದರೆ ಕಂಟ್ರೋಲ್ ಮತ್ತು ಕ್ಯೂ ಜೋಡಿಯನ್ನಷ್ಟೇ ಬಳಸುವುದು ಲೇಸು.

ಈಗ ಕಂಟ್ರೋಲ್, ಶಿಫ್ಟ್ ಮತ್ತು 8 ಒತ್ತಿ. ಪ್ಯಾರಾ ಮುಗಿದಲ್ಲೆಲ್ಲ ‘¶’ ಗುರುತು ಕಾಣಿಸುತ್ತದೆ. ಒಂದರ ಕೆಳಗೊಂದು ಆರೇಳು ಗುರುತುಗಳಿದ್ದರೆ, ಹೊಸ ಪುಟಕ್ಕೆ ಹೋಗಲು ಯಾರೋ ಎಂಟರ್ ಒತ್ತುತ್ತಲೇ ಇದ್ದರೆಂದು ಅರ್ಥ. ಕಂಟ್ರೋಲ್ ಮತ್ತು ಎಚ್ ಒತ್ತಿದಾಗ ತೆರೆಯುವ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ‘^’ ಚಿಹ್ನೆ ಮತ್ತು ಇಂಗ್ಲಿಷಿನ ಸಣ್ಣ ‘ಪಿ’ ಅಕ್ಷರದ ಜೋಡಿಯನ್ನು ಎರಡು ಸಲ, ಕೆಳಗಿನ ಸಾಲಿನಲ್ಲಿ ಒಂದು ಸಲ ಟೈಪಿಸಿ ‘ರಿಪ್ಲೇಸ್ ಆಲ್’ ಕ್ಲಿಕ್ಕಿಸಿ. ಬದಲಾದವುಗಳ ಸಂಖ್ಯೆ ಸೊನ್ನೆಗಿಳಿಯುವವರೆಗೆ, ಅಥವಾ ಕಡತದ ಕೊನೆಯ ಒಂದೆರಡಷ್ಟೇ ಉಳಿಯುವವರೆಗೆ, ಇದನ್ನೇ ಮಾಡಿ.

ಸ್ಟೈಲ್‌ಗಳನ್ನು ಒಮ್ಮೆ ಸರಿಪಡಿಸಿ

ಇಡೀ ಕೆಲಸದ ಜೀವಾಳ ಇದು. ಶೀರ್ಷಿಕೆಯ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್ ಮತ್ತು 1 ಒತ್ತಿದರೆ ಅದು ‘ಹೆಡಿಂಗ್ 1’ ಆಗುತ್ತದೆ. ಉಪಶೀರ್ಷಿಕೆಗೆ 1ರ ಬದಲು 2. ಮೂವತ್ತೆಂಟು ಶೀರ್ಷಿಕೆಗಳಿಗೂ ಹೀಗೆ ಮಾಡಲು ಕಾಲು ಗಂಟೆ ಸಾಕು. ಆಗ ಅವುಗಳ ರೂಪ ಹಿಡಿಸದಿದ್ದರೆ ಚಿಂತೆ ಬೇಡ. ‘ಹೋಮ್’ ಟ್ಯಾಬ್‌ನಲ್ಲಿರುವ ‘ಹೆಡಿಂಗ್ 1’ರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಮಾಡಿಫೈ’ ಆಯ್ದು, ಅಲ್ಲಿ ಗಾತ್ರವನ್ನು 16ಕ್ಕೆ ಇಳಿಸಿದರೆ ಎಲ್ಲ ಶೀರ್ಷಿಕೆಗಳೂ ಒಮ್ಮೆಗೇ 16 ಆಗುತ್ತವೆ. ಸಮಿತಿಯ ಹಿರಿಯರು ಎಷ್ಟು ಸಲ ಬೇಕಾದರೂ ಮನಸ್ಸು ಬದಲಿಸಲಿ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಎಡವುವ ಜಾಗ ಒಂದಿದೆ. ಫಾಂಟ್ ಬದಲಿಸಿದರೂ ಇಂಗ್ಲಿಷ್ ಪದಗಳಷ್ಟೇ ಬದಲಾಗಿ ಕನ್ನಡ ಹಾಗೇ ಉಳಿಯುವುದುಂಟು. ವರ್ಡ್ ಭಾರತೀಯ ಲಿಪಿಗಳನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಬೇರೆಯೇ ಗುಂಪಿಗೆ ಸೇರಿಸಿ, ಅದರ ಫಾಂಟ್, ಗಾತ್ರಗಳನ್ನು ಪ್ರತ್ಯೇಕವಾಗಿ ನೆನಪಿಡುವುದೇ ಇದಕ್ಕೆ ಕಾರಣ. ‘ಮಾಡಿಫೈ’ ಪೆಟ್ಟಿಗೆಯ ಕೆಳಗಿರುವ ‘ಫಾರ್ಮ್ಯಾಟ್’ ಗುಂಡಿಯಿಂದ ‘ಫಾಂಟ್’ ತೆರೆದು, ಆ ಗುಂಪಿನಲ್ಲೂ ಫಾಂಟ್ ಮತ್ತು ಗಾತ್ರವನ್ನು ನಮೂದಿಸಿ. ಆ ಗುಂಪೇ ಕಾಣದಿದ್ದರೆ, ವರ್ಡ್‌ನ ಭಾಷಾ ಆಯ್ಕೆಗಳಿಗೆ ಹೋಗಿ ಕನ್ನಡವನ್ನು ಸೇರಿಸಬೇಕು.

ಇನ್ನೊಂದು, ಸಾಲುಗಳ ಅಂತರ. ಅದೇ ‘ಫಾರ್ಮ್ಯಾಟ್’ ಗುಂಡಿಯಿಂದ ‘ಪ್ಯಾರಾಗ್ರಾಫ್’ ತೆರೆದರೆ ಇದರ ಪೆಟ್ಟಿಗೆ ಸಿಗುತ್ತದೆ. ಪುಟ ಉಳಿಸಲು ‘ಎಕ್ಸಾಕ್ಟ್‌ಲಿ’ ಆಯ್ದು 14 ಪಾಯಿಂಟ್ ಎಂದು ಕೊಟ್ಟರೆ ಇಂಗ್ಲಿಷ್ ಅಕ್ಷರಗಳಿಗೆ ತೊಂದರೆಯಾಗದು. ಆದರೆ ‘ರಾಷ್ಟ್ರ’ ಪದವನ್ನೊಮ್ಮೆ ನೋಡಿ. ಷಕಾರದ ಕೆಳಗಿನ ಟ ಒತ್ತು ಮತ್ತು ರ ಒತ್ತುಗಳ ಬುಡ ಕತ್ತರಿಸಿದಂತಾಗಿರುತ್ತದೆ, ಇಲ್ಲವೇ ಕೆಳಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗಿರುತ್ತದೆ. ‘ಮಲ್ಟಿಪಲ್’ ಆಯ್ದು 1.15ರಷ್ಟು ಕೊಟ್ಟರೆ ಫಾಂಟಿನ ಎತ್ತರಕ್ಕೆ ತಕ್ಕಂತೆ ಸಾಲು ತಾನೇ ಹಿಗ್ಗುತ್ತದೆ. ಪ್ಯಾರಾಗಳ ನಡುವಿನ ಜಾಗವನ್ನೂ ಇದೇ ಪೆಟ್ಟಿಗೆಯ ‘ಆಫ್ಟರ್’ ಎಂಬಲ್ಲಿ 6 ಪಾಯಿಂಟ್ ಎಂದು ಕೊಟ್ಟುಬಿಟ್ಟರೆ ಎರಡೆರಡು ಸಲ ಎಂಟರ್ ಒತ್ತುವ ಅಭ್ಯಾಸ ತಪ್ಪುತ್ತದೆ. ‘ಹೆಡಿಂಗ್ 1’ರ ಪ್ಯಾರಾ ಆಯ್ಕೆಗಳಲ್ಲಿ ‘ಪೇಜ್ ಬ್ರೇಕ್ ಬಿಫೋರ್’ ಗುರುತು ಮಾಡಿದರೆ ಪ್ರತಿ ಲೇಖನವೂ ಹೊಸ ಪುಟದಿಂದಲೇ ಶುರುವಾಗುತ್ತದೆ.

ಇಷ್ಟಾದ ಮೇಲೆ ಸಿಗುವ ಲಾಭ

‘ರೆಫರೆನ್ಸಸ್’ ಟ್ಯಾಬ್‌ನಲ್ಲಿ ‘ಟೇಬಲ್ ಆಫ್ ಕಂಟೆಂಟ್ಸ್’ ಕ್ಲಿಕ್ಕಿಸಿದರೆ ಪುಟಸಂಖ್ಯೆಗಳ ಸಮೇತ ಪರಿವಿಡಿ ಸಿದ್ಧ. ಲೇಖನಗಳು ಹಿಂದೆ ಮುಂದೆ ಆದಾಗ ಪರಿವಿಡಿಯ ಮೇಲೆ ಕರ್ಸರ್ ಇಟ್ಟು ಎಫ್9 ಒತ್ತಿದರೆ ಸಂಖ್ಯೆಗಳು ಸರಿಹೋಗುತ್ತವೆ. ‘ವ್ಯೂ’ ಟ್ಯಾಬ್‌ನ ‘ನ್ಯಾವಿಗೇಷನ್ ಪೇನ್’ ತೆರೆದರೆ ಎಡಗಡೆ ಶೀರ್ಷಿಕೆಗಳ ಪಟ್ಟಿ ಬರುತ್ತದೆ. ಮುಖ್ಯೋಪಾಧ್ಯಾಯರ ಲೇಖನ ಎರಡನೆಯದಾಗಬೇಕು ಎಂದು ಕೊನೆಗಳಿಗೆಯಲ್ಲಿ ತೀರ್ಮಾನವಾದರೆ ಆ ಶೀರ್ಷಿಕೆಯನ್ನು ಮೇಲಕ್ಕೆ ಎಳೆದು ಬಿಟ್ಟರಾಯಿತು, ಇಡೀ ಲೇಖನ ಅದರ ಬೆನ್ನಿಗೇ ಬರುತ್ತದೆ.

ದಾನಿಗಳ ಪಟ್ಟಿಯಂತಹ ಉದ್ದನೆಯ ಕೋಷ್ಟಕಗಳಿದ್ದರೆ ಮೊದಲ ಸಾಲನ್ನು ಆಯ್ದು ‘ರಿಪೀಟ್ ಹೆಡರ್ ರೋಸ್’ ಕ್ಲಿಕ್ಕಿಸಿ. ಹೆಸರು, ಊರು, ಮೊತ್ತ ಎಂಬ ತಲೆಸಾಲು ಪ್ರತಿ ಪುಟದಲ್ಲೂ ಕಾಣಿಸುತ್ತದೆ. ‘ರೂ.’ ಒಂದು ಸಾಲಿನ ಕೊನೆಗೂ ‘2,500’ ಮುಂದಿನ ಸಾಲಿಗೂ ಹೋಗದಂತೆ ತಡೆಯಲು ಅವುಗಳ ನಡುವೆ ಕಂಟ್ರೋಲ್, ಶಿಫ್ಟ್ ಮತ್ತು ಸ್ಪೇಸ್‌ಬಾರ್ ಒತ್ತಬೇಕು.

ಎಲ್ಲ ಮುಗಿದ ಮೇಲೆ ಪಠ್ಯವನ್ನು ಅಳಿಸಿದ ಒಂದು ನಕಲನ್ನು ‘ವರ್ಡ್ ಟೆಂಪ್ಲೇಟ್’ ಆಗಿ ಉಳಿಸಿಕೊಳ್ಳಿ. ಮುಂದಿನ ಸಂಚಿಕೆಗೆ ಅದೇ ಅಚ್ಚು. ಮುದ್ರಣಾಲಯಕ್ಕೆ ಮಾತ್ರ ಪಿಡಿಎಫ್ ಕಳುಹಿಸಿ, ಏಕೆಂದರೆ ನಿಮ್ಮ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ವರ್ಡ್ ಕಡತದ ಸಾಲುಗಳು ಸರಿದು, ಪರಿವಿಡಿಯಲ್ಲಿ 47 ಎಂದಿರುವ ಲೇಖನ 49ನೇ ಪುಟದಲ್ಲಿ ಸಿಗುತ್ತದೆ.