ಕಡೂರು, ಅರಸೀಕೆರೆ ಸೀಮೆಯಲ್ಲಿ ವೈನ್ ದ್ರಾಕ್ಷಿ: ಜಾಗದ ಆಯ್ಕೆಯಿಂದ ಹುದುಗಿಸುವವರೆಗೆ

ವೈನ್ ದ್ರಾಕ್ಷಿ ಬೆಳೆಯಲು ಜಾಗ ಹುಡುಕುವವರ ಕಣ್ಣು ಮೊದಲು ಹೋಗುವುದು ಸಕಲೇಶಪುರ, ಮೂಡಿಗೆರೆಗಳ ತಂಪಾದ ಇಳಿಜಾರುಗಳ ಮೇಲೆ. ಕಾಫಿಗೆ ಒಗ್ಗಿದ ಆ ನೆಲ ದ್ರಾಕ್ಷಿಗೆ ಒಗ್ಗುವುದಿಲ್ಲ. ಮುಂಗಾರಿನ ತಿಂಗಳುಗಟ್ಟಲೆಯ ತೇವದಲ್ಲಿ ಬೂಜು ತುಪ್ಪಟ ರೋಗ ಎಲೆಯನ್ನೂ ಕಡ್ಡಿಯನ್ನೂ ಬಿಡುವುದಿಲ್ಲ. ನೋಡಬೇಕಾದದ್ದು ಬಾಬಾಬುಡನ್‌ಗಿರಿಯ ಪೂರ್ವಕ್ಕೆ ಮಳೆನೆರಳಿನಲ್ಲಿರುವ ಕಡೂರು, ಅರಸೀಕೆರೆ ಸೀಮೆಯನ್ನು, ಅದರಲ್ಲೂ ವೇದಾವತಿ ಹರಿಯುವ ಕಣಿವೆಯ ಎರಡು ಮಗ್ಗುಲಿನ ಏರುನೆಲವನ್ನು. ನಂದಿ ಬೆಟ್ಟದ ಬುಡದಲ್ಲಿ 1980ರ ದಶಕದ ಕೊನೆಯಿಂದ ವೈನ್ ದ್ರಾಕ್ಷಿ ಬೆಳೆಯುತ್ತಿರುವುದೂ ಇಂಥದೇ ಒಣಹವೆಯ ಎತ್ತರದ ನೆಲದಲ್ಲಿ.

ಕಣಿವೆಯೊಳಗೆ ತಳವನ್ನು ಬಿಟ್ಟು ನಡುವಿನ ಇಳಿಜಾರನ್ನು ಹಿಡಿಯಿರಿ. ರಾತ್ರಿ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಅಲ್ಲಿ ಹೊತ್ತೇರಿದರೂ ಇಬ್ಬನಿ ಆರುವುದಿಲ್ಲ; ಎರೆಮಣ್ಣಿದ್ದರೆ ಬೇರಿನ ಬುಡದಲ್ಲಿ ನೀರೂ ನಿಲ್ಲುತ್ತದೆ. ಒಂದು ಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಮಾರನೆಯ ದಿನ ನೋಡಿ. ನೀರು ಇಂಗದೆ ಉಳಿದಿದ್ದರೆ ಆ ತಾಕನ್ನು ಜೋಳಕ್ಕೆ ಬಿಡುವುದು ಲೇಸು. ಜರ್ಮನಿಯ ಮೋಸೆಲ್ ಕಣಿವೆಯಲ್ಲಿ ಬಿಸಿಲು ಸಾಲದೆ ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಇಳಿಜಾರನ್ನೇ ಅರಸುತ್ತಾರೆ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ನಮಗೆ ಆ ಕೊರತೆಯಿಲ್ಲ. ಮಧ್ಯಾಹ್ನದ ನಂತರದ ಬಿಸಿಲೇ ಇಲ್ಲಿ ಶತ್ರು. ಆದ್ದರಿಂದ ಸಾಲುಗಳನ್ನು ಉತ್ತರ-ದಕ್ಷಿಣವಾಗಿ ಹಾಕಿ, ಗೊಂಚಲಿನ ಸುತ್ತಲಿನ ಎಲೆಯನ್ನು ಮೂಡಣ ಬದಿಯಲ್ಲಿ ಮಾತ್ರ ಬಿಡಿಸಬೇಕು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಚಾಟನಿಯ, ಅಂದರೆ ಬಳ್ಳಿ ಸವರುವ, ದಿನವನ್ನು ಕುರಿತು. ಯುರೋಪಿನಲ್ಲಿ ಚಳಿಗಾಲವೇ ಬಳ್ಳಿಯನ್ನು ಮಲಗಿಸುತ್ತದೆ. ನಮ್ಮಲ್ಲಿ ಬಳ್ಳಿಗೆ ಅಂಥ ವಿಶ್ರಾಂತಿ ಇಲ್ಲದ್ದರಿಂದ ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು ಒಮ್ಮೆ, ಮಳೆಗಾಲದ ಕೊನೆಯಲ್ಲಿ ಹಣ್ಣಿಗಾಗಿ ಇನ್ನೊಮ್ಮೆ ಸವರಬೇಕು. ಹಣ್ಣಿನ ಚಾಟನಿಯಾದ ಸುಮಾರು 40 ದಿನಕ್ಕೆ ಹೂವು, ತಳಿಗೆ ತಕ್ಕಂತೆ 120ರಿಂದ 150 ದಿನಕ್ಕೆ ಕೊಯ್ಲು. ಸೆಪ್ಟೆಂಬರ್ ಕೊನೆಯಲ್ಲಿ ಸವರಿದರೆ ಹೂವು ಸ್ವಾತಿ, ವಿಶಾಖಾ ಮಳೆಗೆ ಸಿಕ್ಕಿ ಉದುರುತ್ತದೆ. ನವೆಂಬರ್‌ಗೆ ತಳ್ಳಿದರೆ, ಮಲೆನಾಡಿನ ಕಾಫಿ ಬೆಳೆಗಾರರು ಕೈಮುಗಿದು ಕಾಯುವ ಹೂಮಳೆಯೇ ಬಂದು ನಮ್ಮ ಮಾಗಿದ ಹಣ್ಣನ್ನು ಒಡೆಯುತ್ತದೆ. ಚಿತ್ತಾ ಮಳೆ ನಡೆಯುವ ಅಕ್ಟೋಬರ್ ನಡುಭಾಗವೇ ನನ್ನ ಆಯ್ಕೆ. ಆಗ ಬೇಗ ಮಾಗುವ ಬಿಳಿ ವೈನಿನ ತಳಿ ಸಾವಿನ್ಯೋನ್ ಬ್ಲಾಂಕ್ ಫೆಬ್ರವರಿಯಲ್ಲೂ, ನಿಧಾನವಾಗಿ ಮಾಗುವ ಕೆಂಪು ವೈನಿನ ತಳಿ ಕ್ಯಾಬರ್ನೆ ಸಾವಿನ್ಯೋನ್ ಮಾರ್ಚ್ ಮೊದಲಲ್ಲೂ ಕೈಗೆ ಬರುತ್ತವೆ.

ಬೂಜು ತುಪ್ಪಟಕ್ಕೆ ಶೇ 1ರ ಬೋರ್ಡೋ ದ್ರಾವಣವಿದೆ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಎಳೆ ಚಿಗುರಿಗೆ ಅದರ ಅರ್ಧ ಸಾಂದ್ರತೆ ಸಾಕು. ಅಡಿಕೆಯ ಕೊಳೆರೋಗಕ್ಕೆ ನಮ್ಮವರು ಹೊಡೆಯುವ ಈ ಔಷಧ 1880ರ ದಶಕದಲ್ಲಿ ಬಳಕೆಗೆ ಬಂದದ್ದೇ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, ಇದೇ ರೋಗವನ್ನು ತಡೆಯಲು. ಕಾಯಿ ಬಣ್ಣ ತಿರುಗಿದ ಮೇಲೆ ಮಾತ್ರ ಹೊಡೆಯಬೇಡಿ. ಹಣ್ಣಿನಲ್ಲಿ ಉಳಿದ ತಾಮ್ರ ಹುದುಗುವಿಕೆಗೆ ಅಡ್ಡಿಯಾಗುತ್ತದೆ.

ಕೊಯ್ಲು ಹತ್ತಿರವಾದಾಗ ಬೇರೆ ಬೇರೆ ಬಳ್ಳಿಗಳಿಂದ ಹಣ್ಣು ಆಯ್ದು ಬ್ರಿಕ್ಸ್, ಅಂದರೆ ರಸದಲ್ಲಿನ ಸಕ್ಕರೆಯ ಪ್ರಮಾಣ, ಅಳೆಯಿರಿ. ಬಿಳಿ ವೈನಿಗೆ 20ರಿಂದ 22, ಕೆಂಪಿಗೆ 22ರಿಂದ 24 ಇರಬೇಕು. ಅಳತೆಯೊಂದನ್ನೇ ನಂಬದೆ ಬೀಜವನ್ನೂ ಕಚ್ಚಿ ನೋಡಿ. ಅದು ಹಸಿರಾಗಿದ್ದು ಒಗರು ನಾಲಿಗೆಗೆ ಹತ್ತಿದರೆ ಕಾಯಬೇಕು. ಕಂದಾಗಿ, ಹುರಿದ ಕಡಲೆಯಂತೆ ಪಟ್ಟೆಂದು ಮುರಿದರೆ ಮಾಗಿದೆ ಎಂದರ್ಥ. ಬೆಳಗಿನ ಜಾವದ ತಂಪಿನಲ್ಲೇ ಕೊಯ್ದು ಮುಗಿಸಿ.

ವೈನ್ ತಯಾರಿಕೆಗೆ ಅಬಕಾರಿ ಇಲಾಖೆಯ ಪರವಾನಗಿ ಕಡ್ಡಾಯ. ಅದಿಲ್ಲದವರು ಹಣ್ಣನ್ನು ವೈನರಿಗೆ ಮಾರಬಹುದು. ಬಿಳಿ ವೈನಿಗೆ ಮೊದಲು ರಸ ಹಿಂಡಿ 14ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿಸಬೇಕು. ಕೆಂಪಿಗೆ ತೊಟ್ಟು ಬಿಡಿಸಿ ಜಜ್ಜಿದ ಹಣ್ಣನ್ನು ಸಿಪ್ಪೆಯ ಸಮೇತ 25ರಿಂದ 28 ಡಿಗ್ರಿಯಲ್ಲಿಟ್ಟು, ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಎರಡು ಮೂರು ಬಾರಿ ರಸದೊಳಕ್ಕೆ ಒತ್ತಬೇಕು, ಏಕೆಂದರೆ ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲೇ. ಮಾರ್ಚ್‌ನ ಸೆಕೆಯಲ್ಲಿ ರಸ 35 ಡಿಗ್ರಿಯತ್ತ ಏರಿದರೆ ಯೀಸ್ಟ್ ಸೋತು ಸಕ್ಕರೆ ಹಾಗೆಯೇ ಉಳಿಯುತ್ತದೆ. ತಂಪು ಮಾಡುವ ವ್ಯವಸ್ಥೆಗೆ ಹಣ ಹಾಕಲು ಹಿಂಜರಿಯಬೇಡಿ. ಹುದುಗು ನಿಂತ ಮೇಲೆ ಗಸಿಯಿಂದ ತಿಳಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿ ಕಂಠಮಟ್ಟ ತುಂಬಿಡಿ, ಮೇಲೆ ಗಾಳಿಗೆ ಜಾಗ ಉಳಿದರೆ ವೈನ್ ಹುಳಿತು ವಿನೆಗರ್ ಆಗುತ್ತದೆ.