ಸೊನ್ನೆ, ಮೈನಸ್ ಒಂದು, ಖಾಲಿ: ವಿಎಂ ಮೆಮೊರಿ ಹಂಚಿಕೆಯ ಮಿತಿಯನ್ನು ನಾನು ಬರೆದ ಬಗೆ

ನಮ್ಮ ಕೆವಿಎಂ ಹೋಸ್ಟ್‌ಗಳಿಗೆಲ್ಲ (ಲಿನಕ್ಸ್‌ನ ಕೆವಿಎಂ ಬಳಸಿ ವಿಎಂಗಳನ್ನು, ಅಂದ್ರೆ ವರ್ಚುವಲ್ ಮೆಷಿನ್‌ಗಳನ್ನು, ಓಡಿಸುವ ಸರ್ವರ್‌ಗಳು) ಒಂದೇ ಯಾಮಲ್ ಫೈಲಿನಿಂದ (ಸೆಟ್ಟಿಂಗ್ ಬರೆದಿಡುವ ಪಠ್ಯ ಫೈಲ್) ಸೆಟ್ಟಿಂಗ್ ಹೋಗಬೇಕಿತ್ತು. ಅದರಲ್ಲಿ ಜಾಸ್ತಿ ಯೋಚನೆಗೆ ಹಚ್ಚಿದ್ದು ಮೆಮೊರಿ ಹಂಚಿಕೆಯ, ಅಂದ್ರೆ ಒಂದೇ ಮೆಮೊರಿಯನ್ನು ಹಲವು ವಿಎಂಗಳು ಹಂಚಿಕೊಳ್ಳುವ ಭಾಗ. ಒಂದೇ ಓಎಸ್ ಇರುವ ವಿಎಂಗಳಲ್ಲಿ ಒಂದೇ ಥರದ ಪೇಜ್‌ಗಳು (ಮೆಮೊರಿಯ ಸಣ್ಣ ತುಂಡುಗಳು) ಬೇಕಾದಷ್ಟು ಸಿಗುತ್ತವೆ. ಲಿನಕ್ಸ್ ಕರ್ನಲ್‌ನಲ್ಲಿ 2009ರಿಂದ ಇರುವ ಕೆಎಸ್‌ಎಂ ಅವನ್ನು ಹುಡುಕಿ ಒಂದೇ ಪ್ರತಿ ಉಳಿಸಿಕೊಳ್ಳುತ್ತದೆ. ಯಾವುದಾದರೂ ವಿಎಂ ಅದರಲ್ಲಿ ಬರೆಯಲು ಹೋದರೆ ಆಗ ಬೇರೆ ಪ್ರತಿ ಮಾಡಿಕೊಡುತ್ತದೆ.

ತಲೆನೋವು ಶುರುವಾಗೋದು ಸೊನ್ನೆಯಿಂದ. ಒಂದೊಂದು ಕಡೆ ಅದಕ್ಕೆ ಒಂದೊಂದು ಅರ್ಥ. ಕೆಎಸ್‌ಎಂನ ‘ರನ್’ ಫೈಲಿಗೆ 0 ಬರೆದರೆ ಹುಡುಕಾಟ ನಿಲ್ಲುತ್ತದೆ, ಆದರೆ ಆಗಲೇ ಸೇರಿಸಿದ ಪೇಜ್‌ಗಳು ಹಾಗೇ ಇರುತ್ತವೆ. ಅವನ್ನೂ ಬಿಡಿಸಬೇಕು ಅಂದ್ರೆ 2 ಬರೆಯಬೇಕು. ವಿಎಂಗಳನ್ನು ನಿಭಾಯಿಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಬಲೂನ್ (ಓಡುತ್ತಿರುವ ವಿಎಂನ ಮೆಮೊರಿಯನ್ನು ಹೆಚ್ಚು ಕಡಿಮೆ ಮಾಡುವ ಡಿವೈಸ್) 0 ಅಂದ್ರೆ ಆ ಡಿವೈಸೇ ಬೇಡ ಅಂತ. ಪ್ರೋಗ್ರಾಮ್‌ಗಳು ಬಳಸುವ ಮೆಮೊರಿಗೆ ಮಿತಿ ಹಾಕುವ ಕರ್ನಲ್‌ನ ಸಿಗ್ರೂಪ್ ಆವೃತ್ತಿ 1ರಲ್ಲಿ ಮಿತಿ ಬೇಡ ಅಂತ -1 ಬರೆದು, ತಿರುಗಿ ಓದಿದರೆ 9223372036854771712 ಅಂತ ಬರುತ್ತದೆ. ರಾತ್ರಿ ಪಾಳಿಯವರು ಇದನ್ನು ನೋಡಿದರೆ ಗಾಬರಿಯಾಗಲ್ವಾ? ಆವೃತ್ತಿ 2ರಲ್ಲಿ ಅದೇ ಜಾಗದಲ್ಲಿ ‘ಮ್ಯಾಕ್ಸ್’ ಅನ್ನೋ ಪದ ಇದೆ. ನನಗೆ ಹಿಡಿಸಿದ್ದು ಇದೇ.

ಹಾಗಾಗಿ ನಮ್ಮ ಫೈಲಿನಲ್ಲಿ ಸೊನ್ನೆಗೂ ಮೈನಸ್‌ಗೂ ಜಾಗವೇ ಇಲ್ಲ. ಸಾಲು ಇಲ್ಲದಿದ್ದರೆ ಹೋಸ್ಟ್‌ನಲ್ಲಿ ಇರೋದನ್ನು ಮುಟ್ಟಬೇಡ ಅಂತ ಅರ್ಥ. ‘ಆಫ್’ ಅಂದ್ರೆ ಬೇಡ. ‘ಅನ್‌ಲಿಮಿಟೆಡ್’ ಅಂದ್ರೆ ಮಿತಿ ಇಲ್ಲ. ಮೆಮೊರಿಯ ಅಳತೆ ಬರೆದರೆ ಜೊತೆಗೆ ಯೂನಿಟ್ ಇರಲೇಬೇಕು. ವಿಎಂಗಳನ್ನು ನಿಯಂತ್ರಿಸುವ ಲಿಬ್‌ವರ್ಟ್ ತಂತ್ರಾಂಶದ ಹಾರ್ಡ್ ಲಿಮಿಟ್‌ಗೆ (ವಿಎಂ ಮೀರಬಾರದ ಮೆಮೊರಿ ಮಿತಿ) ಯೂನಿಟ್ ಕೊಡದಿದ್ದರೆ ಅದು ಕಿಬಿಬೈಟ್ (1024 ಬೈಟ್) ಅಂತ ತಿಳಿದುಕೊಳ್ಳುತ್ತದೆ. 8 ಜಿಬಿ ಮನಸ್ಸಿನಲ್ಲಿಟ್ಟುಕೊಂಡು ಸುಮ್ನೆ 8 ಅಂತ ಬರೆದವರ ಗತಿ ಊಹಿಸಿ.

ಎಲ್ಲ ಕಡೆ ‘ಅನ್‌ಲಿಮಿಟೆಡ್’ ನಡೆಯಲ್ಲ. ಕೆಎಸ್‌ಎಂನಲ್ಲಿ ‘ಮ್ಯಾಕ್ಸ್ ಪೇಜ್ ಶೇರಿಂಗ್’ ಅಂತ ಒಂದು ಮಿತಿ ಇದೆ. ಒಂದು ಪೇಜನ್ನು ಎಷ್ಟು ಕಡೆ ಹಂಚಬಹುದು ಅನ್ನೋದು ಇದರ ಲೆಕ್ಕ. ಡಿಫಾಲ್ಟ್ 256. ಅದು ತುಂಬಿದರೆ ಅದೇ ಪೇಜಿಗೆ ಇನ್ನೊಂದು ಪ್ರತಿ ಹುಟ್ಟುತ್ತದೆ. ಮಿತಿ ಏರಿಸಿದಷ್ಟೂ ಉಳಿತಾಯ ಜಾಸ್ತಿ. ಆದರೆ ಆ ಪೇಜನ್ನು ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಕಳಿಸಬೇಕಾದಾಗ ಕರ್ನಲ್ ಹಂಚಿಕೊಂಡವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋಗಬೇಕು, ಅಲ್ಲಿ ಎಳೆಯುತ್ತದೆ. ಕನಿಷ್ಠ 2, ಒಬ್ಬರೇ ಹಂಚಿಕೊಳ್ಳೋದು ಅಂತ ಇಲ್ವಲ್ಲ.

ಈ ಮಿತಿಯನ್ನು ಬದಲಿಸೋದೇ ಒಂದು ಕಸರತ್ತು. ಹಂಚಿದ ಪೇಜ್ ಒಂದಾದರೂ ಇದ್ದರೆ ಕರ್ನಲ್ ‘ಬ್ಯುಸಿ’ ಅಂತ ವಾಪಸ್ ಕಳಿಸುತ್ತದೆ. ಮೊದಲು ರನ್‌ಗೆ 2, ಆಮೇಲೆ ಹೊಸ ಮಿತಿ, ಕೊನೆಗೆ ಹುಡುಕಾಟ ಮತ್ತೆ ಶುರುವಾಗಲು ರನ್‌ಗೆ 1. ಆದರೆ 2 ಬರೆದ ತಕ್ಷಣ ಉಳಿಸಿದ ಮೆಮೊರಿಯೆಲ್ಲ ವಾಪಸ್ ಬೇಕಾಗುತ್ತದೆ. ಎಷ್ಟು ಪೇಜ್ ಉಳಿತಾಯವಾಗಿದೆ ಅಂತ ಕೆಎಸ್‌ಎಂ ತೋರಿಸುವ ‘ಪೇಜಸ್ ಶೇರಿಂಗ್’ ಸಂಖ್ಯೆ 10 ಲಕ್ಷ ಇದ್ದರೆ, ಪೇಜಿಗೆ 4 ಕೆಬಿಯಂತೆ ಸುಮಾರು 4 ಜಿಬಿ. ಹೋಸ್ಟ್‌ನಲ್ಲಿ ಅಷ್ಟು ಖಾಲಿ ಇಲ್ಲದಿದ್ದರೆ ಓಡುತ್ತಿರುವ ವಿಎಂಗಳ ಮೇಲೇ ಏಟು. ಅದಕ್ಕೇ ನಮ್ಮ ಸ್ಕ್ರಿಪ್ಟ್ ಮೊದಲು ಈ ಗುಣಾಕಾರ ಮಾಡುತ್ತದೆ. ಜಾಗ ಸಾಲದಿದ್ದರೆ ಮುಂದೆ ಹೋಗಲ್ಲ. ವಿಎಂಗಳನ್ನು ಬೇರೆ ಹೋಸ್ಟ್‌ಗೆ ಸಾಗಿಸಿ ಬನ್ನಿ ಅನ್ನುತ್ತದೆ.

ವಿಎಂ ಮಟ್ಟದಲ್ಲಿ ಲಿಬ್‌ವರ್ಟ್‌ನಲ್ಲಿರೋದು ‘ನೋಶೇರ್‌ಪೇಜಸ್’ ಅನ್ನೋ ಟ್ಯಾಗ್. ಇದ್ದರೆ ಹಂಚಿಕೆ ಇಲ್ಲ. ಈ ಉಲ್ಟಾ ಲೆಕ್ಕ ನಮ್ಮ ಫೈಲಿಗೆ ಬೇಡ ಅಂತ ನೇರವಾಗಿ ‘ಶೇರಿಂಗ್: ಆನ್’ ಅಥವಾ ‘ಆಫ್’ ಇಟ್ಟೆ. ಹ್ಯೂಜ್‌ಪೇಜ್‌ಗಳನ್ನು (ಮಾಮೂಲಿಗಿಂತ ತುಂಬಾ ದೊಡ್ಡ ಪೇಜ್‌ಗಳು) ಕಾದಿರಿಸಿಕೊಂಡ ವಿಎಂಗೆ ಯಾರಾದರೂ ‘ಆನ್’ ಅಂದರೆ ಫೈಲ್ ಪಾಸಾಗಲ್ಲ, ಯಾಕಂದ್ರೆ ಆ ಪೇಜ್‌ಗಳನ್ನು ಕೆಎಸ್‌ಎಂ ಸೇರಿಸೋದೇ ಇಲ್ಲ.

ಇನ್ನು ಭದ್ರತೆ. ಹಂಚಿದ ಪೇಜ್ ಓದಲು ಹಿಡಿಯುವ ಹೊತ್ತನ್ನು ಅಳೆದು ಪಕ್ಕದ ವಿಎಂನ ಗುಟ್ಟು ಕದಿಯಬಹುದು ಅಂತ ಸಂಶೋಧಕರು ತೋರಿಸಿದ ಮೇಲೆ, ವಿಎಂ ತಂತ್ರಾಂಶದ ಇನ್ನೊಂದು ಕಂಪನಿ ವಿಎಂವೇರ್, ವಿಎಂಗಳ ನಡುವಿನ ಹಂಚಿಕೆಯನ್ನು ಡಿಫಾಲ್ಟ್ ಆಗಿ ನಿಲ್ಲಿಸಿತು. ಈಗ ಅಲ್ಲಿ ಒಂದೇ ‘ಸಾಲ್ಟ್’ (ವಿಎಂನ ಸೆಟ್ಟಿಂಗ್‌ನಲ್ಲಿ ಬರೆಯುವ ಒಂದು ಗುರುತು) ಕೊಟ್ಟ ವಿಎಂಗಳು ಮಾತ್ರ ತಮ್ಮತಮ್ಮಲ್ಲಿ ಹಂಚಿಕೊಳ್ಳಬಹುದು. ಬರೀ ಹೌದು-ಇಲ್ಲ ಅನ್ನೋದಕ್ಕಿಂತ ಇದು ಎಷ್ಟೋ ವಾಸಿ. ಕೆವಿಎಂನಲ್ಲಿ ಆ ಥರದ ಸಾಲ್ಟ್ ಸೆಟ್ಟಿಂಗ್ ಇಲ್ಲ. ಹಾಗಾಗಿ ‘ಗುಂಪು’ ಅಂತ ಒಂದು ಕೀ ಸೇರಿಸಿದೆ. ಅದು ಕರ್ನಲ್‌ಗೆ ಹೋಗಲ್ಲ. ಯಾವ ವಿಎಂ ಯಾವ ಹೋಸ್ಟ್‌ಗೆ ಅಂತ ತೀರ್ಮಾನಿಸುವ ಸ್ಕ್ರಿಪ್ಟ್ ಅದನ್ನು ಓದುತ್ತದೆ. ಜಾಗ ಸಾಲದೆ ಬೇರೆ ಗುಂಪಿನ ವಿಎಂ ಬರಲೇಬೇಕಾದರೆ, ಅದಕ್ಕೆ ನೋಶೇರ್‌ಪೇಜಸ್ ಹಾಕಿಯೇ ಸ್ಟಾರ್ಟ್ ಮಾಡುತ್ತದೆ.