ಬಿದರಿ ಲೋಹದ ಪರಮಾಣು ಎಣಿಸುವುದು ಹೇಗೆ?

ಬೀದರ್‌ನ ಬಿದರಿ ಕುಶಲಕರ್ಮಿಗಳು ಎರಕಕ್ಕೆ ಸಾಮಾನ್ಯವಾಗಿ 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸುತ್ತಾರೆ. ಇದು ತೂಕದ ಲೆಕ್ಕ. ಹಾಗಾದರೆ ತಾಮ್ರದ ಒಂದು ಪರಮಾಣುವಿಗೆ ಸತುವಿನವು ಎಷ್ಟು? ತೂಕದಿಂದ ಎಣಿಕೆಗೆ ದಾಟಲು ಸರಾಸರಿ ಪರಮಾಣು ದ್ರವ್ಯರಾಶಿ ಬೇಕೇ ಬೇಕು.

ಮೊದಲು ಸಮಸ್ಥಾನಿಗಳನ್ನು (ಐಸೋಟೋಪ್), ಅಂದರೆ ಒಂದೇ ಧಾತುವಿನ ನ್ಯೂಟ್ರಾನ್ ಸಂಖ್ಯೆ ಬೇರೆಯಾದ ಪರಮಾಣುಗಳನ್ನು, ಬರೆದುಕೊಳ್ಳಿ. ಪ್ರಕೃತಿಯಲ್ಲಿ ಸಿಗುವ ತಾಮ್ರದಲ್ಲಿ ಎರಡು ಬಗೆಯ ಪರಮಾಣುಗಳಿವೆ. ಎರಡರಲ್ಲೂ 29 ಪ್ರೋಟಾನ್. ನ್ಯೂಟ್ರಾನ್ ಮಾತ್ರ ಒಂದರಲ್ಲಿ 34, ಇನ್ನೊಂದರಲ್ಲಿ 36. ಹಗುರವಾದದ್ದರ ದ್ರವ್ಯರಾಶಿ ಪರಮಾಣು ದ್ರವ್ಯರಾಶಿ ಏಕಮಾನದಲ್ಲಿ 62.93, ಪಾಲು ಶೇ 69.15. ಭಾರವಾದದ್ದು 64.93, ಪಾಲು ಶೇ 30.85.

ಅವಸರದಲ್ಲಿ ಎರಡನ್ನೂ ಕೂಡಿಸಿ ಅರ್ಧ ಮಾಡಬೇಡಿ. 63.93 ಬರುತ್ತದೆ, ಅದು ತಪ್ಪು. ಕಲಬುರಗಿ ಎಪಿಎಂಸಿಯಲ್ಲಿ ಎರಡು ದರಕ್ಕೆ ತೊಗರಿ ಮಾರಿದ ರೈತ ಸರಾಸರಿ ಹಾಕುವಾಗ ಯಾವ ದರಕ್ಕೆ ಎಷ್ಟು ಕ್ವಿಂಟಲ್ ಹೋಯಿತೆಂದು ನೋಡುತ್ತಾನಲ್ಲವೇ? ಇಲ್ಲಿಯೂ ಪಾಲಿನಿಂದಲೇ ಗುಣಿಸಬೇಕು.

62.93 × 0.6915 = 43.52
64.93 × 0.3085 = 20.03

ಕೂಡಿದರೆ 63.55. ಆವರ್ತಕ ಕೋಷ್ಟಕದಲ್ಲಿ ತಾಮ್ರದ ಮನೆಯಲ್ಲಿರುವುದು ಇದೇ ಸಂಖ್ಯೆ.

ಇಷ್ಟು ತೂಗುವ ತಾಮ್ರದ ಪರಮಾಣು ಜಗತ್ತಿನಲ್ಲಿ ಒಂದೂ ಇಲ್ಲ. ಆದರೂ ಲೆಕ್ಕ ತಪ್ಪುವುದಿಲ್ಲ. ಒಂದು ಗ್ರಾಂ ತಾಮ್ರದಲ್ಲಿ 9ರ ಮುಂದೆ 21 ಸೊನ್ನೆ ಇಟ್ಟರೂ ಸಾಲದಷ್ಟು ಪರಮಾಣುಗಳಿರುತ್ತವೆ. ಯಾವ ಚೂರನ್ನು ತೆಗೆದುಕೊಂಡರೂ ಎರಡು ಬಗೆಯವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಸಿಗುತ್ತವೆ.

ಈಗ ಬಿದರಿಗೆ ಬನ್ನಿ. ಸತುವಿಗೆ ಐದು ಸಮಸ್ಥಾನಿಗಳು, ಸರಾಸರಿ 65.38. 16 ಗ್ರಾಂ ಸತುವನ್ನು 65.38ರಿಂದ ಭಾಗಿಸಿದರೆ 0.2447 ಮೋಲ್ (ಮೋಲ್ ಎಂದರೆ ಪರಮಾಣುಗಳ ಒಂದು ನಿಗದಿತ ದೊಡ್ಡ ಎಣಿಕೆ, ಯಾವ ಧಾತುವಿಗೂ ಅದು ಒಂದೇ). ಒಂದು ಗ್ರಾಂ ತಾಮ್ರವನ್ನು 63.55ರಿಂದ ಭಾಗಿಸಿದರೆ 0.01574 ಮೋಲ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ: ತಾಮ್ರದ ಒಂದು ಪರಮಾಣುವಿಗೆ ಸತುವಿನ ಹದಿನೈದೂವರೆ.

ಬಿದರಿಗೆ ಕಪ್ಪು ಬಣ್ಣ ಕೊಡಲು ಕೋಟೆಯ ಮಣ್ಣಿನೊಂದಿಗೆ ಬಳಸುವ ನವಸಾಗರದಲ್ಲಿ (ಅಮೋನಿಯಂ ಕ್ಲೋರೈಡ್) ಕ್ಲೋರಿನ್ ಇದೆ. ಅಭ್ಯಾಸಕ್ಕೆ ಅದನ್ನು ನೀವೇ ಮಾಡಿ: ದ್ರವ್ಯರಾಶಿ 34.97ರ ಪಾಲು ಶೇ 75.77, 36.97ರ ಪಾಲು ಶೇ 24.23. ಉತ್ತರ 35.45ರ ಆಸುಪಾಸು ಬರಬೇಕು.

ಅಲ್ಯೂಮಿನಿಯಂಗೆ ಈ ಶ್ರಮವಿಲ್ಲ. ಅದರ ಸ್ಥಿರ ಸಮಸ್ಥಾನಿ ಒಂದೇ. ಸೀಸದ ಕಥೆ ಬೇರೆ. ಯುರೇನಿಯಂ, ಥೋರಿಯಂ ಕ್ಷಯಿಸಿ ಕೊನೆಗೆ ಸೀಸವಾಗುವುದರಿಂದ ಅದರ ಸರಾಸರಿ ಅದಿರಿನಿಂದ ಅದಿರಿಗೆ ಬದಲಾಗುತ್ತದೆ. ತರಗತಿಯ ಲೆಕ್ಕಕ್ಕೆ 207.2 ಸಾಕು, ಹಳೆಯ ಲೋಹದ ಮೂಲ ಗಣಿ ಹುಡುಕುವವರು ಸಮಸ್ಥಾನಿಗಳ ಆ ವ್ಯತ್ಯಾಸವನ್ನೇ ಅಳೆಯುತ್ತಾರೆ.